ನೀರಿನಲ್ಲಿ ಕರಗದ ಬಟ್ಟೆ

ಕಾಂತಾಬಾಯಿ ಹುಟ್ಟಿದ್ದು ಭಾಲ್ಕಿ ತಾಲೂಕಿನ ಮೆಹಕರದಲ್ಲಿ, ಮದುವೆಯಾಗಿ ಬಂದದ್ದು ಬೀದರಿನ ಮೈಲೂರಿಗೆ. ಏಳು ವರ್ಷ ಊರ ಹೊರಗಿನ ಒಂದು ಶೆಡ್ಡಿನಲ್ಲಿ ಒದ್ದೆ ವೈಪ್ಸ್ ಪ್ಯಾಕ್ ಮಾಡಿದಳು. ಹೈದರಾಬಾದಿನಿಂದ ಆಳೆತ್ತರದ ಬಿಳಿ ರೋಲುಗಳು ಬರುತ್ತಿದ್ದವು. ನೋಡಲು ಬಟ್ಟೆಯೇ, ಆದರೆ ಮಗ್ಗದ ಮುಖ ಕಂಡದ್ದಲ್ಲ. ಎಳೆಗಳನ್ನು ಹಿಂಜಿದ ಅರಳೆಯಂತೆ ಹರಡಿ, ನೀರಿನ ಧಾರೆ ಹೊಡೆದು ಒಂದಕ್ಕೊಂದು ಸಿಕ್ಕಿಸಿದ್ದು. ಮಶೀನು ಅದನ್ನು ಕತ್ತರಿಸಿ, ಮಡಚಿ, ಸುವಾಸನೆಯ ನೀರು ಸಿಂಪಡಿಸಿ ಕೊಡುತ್ತಿತ್ತು. ಅಡುಗೆಕಟ್ಟೆ ಒರೆಸಲು ಒಂದು ನಮೂನೆ, ಕೂಸುಗಳನ್ನು ಒರೆಸಲು ಇನ್ನೊಂದು. ಅದೇ ಶೆಡ್ಡಿನ ಆಚೆ ಮೂಲೆಯಲ್ಲಿ ಟಿಶ್ಯೂ ಪೇಪರ್ ಸುತ್ತುತ್ತಿದ್ದರು.

ರೋಲಿನ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿದರೆ ಸಾಕು, "ಇದ್ರಾಗ ಪಾಲಿಸ್ಟರ್ ಜಾಸ್ತಿ ಅದರಿ" ಎಂದುಬಿಡುತ್ತಿದ್ದಳು. ಹೊಸ ಮಾಲು ಇಳಿದಾಗ ಮಾಲೀಕ ಅವಿನಾಶ ಸೇಠನೇ ಆಕೆಯನ್ನು ಕರೆಯುತ್ತಿದ್ದ. ಸಾಲಿ ಕಲಿಯದ ಹೆಂಗಸಿಗೆ ಅದೊಂದು ದೊಡ್ಡ ಮರ್ಯಾದೆ.

ಹೋದ ವರ್ಷ ಬೇಸಿಗೆಯಲ್ಲಿ ಕವರ್ ಬದಲಾಯಿತು. ಕಾಲೇಜಿಗೆ ಹೋಗುವ ಮಗಳು ಸಪನಾ ಅದರ ಮೇಲಿನ ಸಾಲು ಓದಿ ಹೇಳಿದಳು: ಕಮೋಡಿಗೆ ಹಾಕಬಹುದು, ನೀರಿನಲ್ಲಿ ಕರಗುತ್ತದೆ. ಮರುದಿನ ಕಾಂತಾಬಾಯಿ ಸೇಠನ ಟೇಬಲ್ಲಿನ ಮುಂದೆ ನಿಂತಳು.

"ಸೇಠ್‌ರಿ, ಕವರ್ ಹೊಸಾದು, ರೋಲ್ ಹಳೀದೇ ಅದ. ಇದು ಕರಗಲ್ರಿ."

"ಎಲ್ಲಾರೂ ಹಿಂಗೇ ಛಾಪಸ್ತಾರ. ಗಿರಾಕಿಗೆ ಅದೇ ಬೇಕು. ನೀ ಯಾಕ ಫಿಕರ್ ಮಾಡ್ತಿ?"

ಆಕೆ ಹಿಂದಿರುಗಿ ಬಂದು ಪ್ಯಾಕ್ ಮಾಡಿದಳು. ಪಕ್ಕದಲ್ಲಿ ಕೂತ ಶಾಕಿರಾ ಬೇಗಂ ಕಣ್ಣಲ್ಲೇ ಏನಾಯಿತೆಂದು ಕೇಳಿದಳು. ಕಾಂತಾಬಾಯಿ ಏನೂ ಇಲ್ಲವೆಂದು ತಲೆಯಾಡಿಸಿದಳು.

ಗಂಡ ಪಂಢರಿ ಖಾಸಗಿಯವನೊಬ್ಬನ ಟ್ಯಾಂಕರ್ ಗಾಡಿಯ ಮೇಲೆ ದುಡಿಯುತ್ತಿದ್ದ. ಕಟ್ಟಿಕೊಂಡ ಗಟಾರದ ಚೇಂಬರಿಗೆ ಪೈಪು ಇಳಿಸುವುದು, ಮಶೀನಿನಿಂದ ಹೊಲಸು ಎಳೆಯುವುದು, ಪೈಪು ತೊಳೆದು ಸುತ್ತಿಡುವುದು. ಒಳಗೆ ಮಾತ್ರ ಇಳಿಯುತ್ತಿರಲಿಲ್ಲ. "ನಮ್ಮಪ್ಪ ಇಳಿದಿದ್ದ, ಸಾಕು" ಎನ್ನುತ್ತಿದ್ದ.

ಶ್ರಾವಣದ ಒಂದು ಮುಂಜಾನೆ ಅಪಾರ್ಟ್‌ಮೆಂಟೊಂದರ ಚೇಂಬರಿನಲ್ಲಿ ಪೈಪು ಸಿಕ್ಕಿಕೊಂಡಿತು. ಮೇಲೆ ಎಳೆದರೆ ಬರಲೊಲ್ಲದು, ಒಳಗೆ ದೂಡಿದರೆ ಹೋಗಲೊಲ್ಲದು. ಮನೆಗಳ ಮೆಟ್ಟಿಲ ಮೇಲೆ ನಿಂತ ಜನ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಗಾಡಿಯ ಮಾಲೀಕ ಫೋನಿನಲ್ಲೇ ಅಂದ: "ಎರಡು ಮೆಟ್ಲ ಇಳಿದು ಕೈಲೆ ಎಳೀಲಾಕ ಏನಾಗ್ತದ?" ಪಂಢರಿ ಇಳಿದ. ಪೈಪಿಗೆ ಸುತ್ತಿಕೊಂಡಿದ್ದಕ್ಕೆ ಕೈ ಹಾಕುತ್ತಿದ್ದಂತೆ ಒಳಗಿನ ವಿಷಗಾಳಿಗೆ ಎರಡನೆಯ ಮೆಟ್ಟಿಲಲ್ಲೇ ಕುಸಿದ. ಡ್ರೈವರ್ ಅಮೀರ ಪಾಶಾ ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಎಳೆಯದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಕಾಂತಾಬಾಯಿ ದವಾಖಾನೆಗೆ ಓಡಿಬಂದಾಗ ಗಂಡನ ಮೂಗಿಗೆ ಆಕ್ಸಿಜನ್ ಹಚ್ಚಿದ್ದರು. ಅಮೀರ ಪಾಶಾ ಹೊರಗೆ ಗೋಡೆಗೆ ಒರಗಿ ಕೂತಿದ್ದ.

"ಪೈಪಿಗೆ ಸಿಕ್ಕಿದ್ದು ಹೊಲಸಲ್ರಿ ಕಾಂತಾಬಾಯಿ, ಅರಿವಿ ತುಂಡು. ಹಗ್ಗದಂಗ ಹುರಿಗೊಂಡು ಕುಂತಿತ್ತು. ಅಂವನ ಮುಷ್ಟಿ ಬಿಡಿಸಿ ತಗದೀನಿ ನೋಡ್ರಿ" ಎಂದು ಕ್ಯಾರಿಬ್ಯಾಗೊಂದನ್ನು ಮುಂದೆ ಹಿಡಿದ.

ಆಕೆ ನಳದ ಕೆಳಗೆ ಅದನ್ನು ತೊಳೆದಳು. ಎಳೆ ಒಂದೂ ಬಿಟ್ಟಿರಲಿಲ್ಲ. ಹಾಳೆಯ ಅಂಚಿನಲ್ಲಿ ಉಗುರಿನಷ್ಟು ಕಚ್ಚು. ಶೆಡ್ಡಿನ ಮಶೀನಿನ ಬ್ಲೇಡು ಮುಕ್ಕಾಗಿ ಆರು ತಿಂಗಳಾಗಿತ್ತು. ಅಲ್ಲಿಂದ ಹೊರಬೀಳುವ ಪ್ರತಿಯೊಂದು ಹಾಳೆಗೂ ಅದೇ ಜಾಗದಲ್ಲಿ ಅದೇ ಕಚ್ಚು. ಆಕೆ ಅದನ್ನು ಹಿಂಡಿ ಕ್ಯಾರಿಬ್ಯಾಗಿಗೆ ಹಾಕಿಕೊಂಡು ನಳದ ಕಟ್ಟೆಯ ಮೇಲೆ ಕೂತುಬಿಟ್ಟಳು.

ಮೂರನೆಯ ದಿನ ಪಂಢರಿಗೆ ಮಾತು ಬಂತು. ಆಕೆ ಮುಚ್ಚಿಡಲಿಲ್ಲ, ಎಲ್ಲ ಹೇಳಿದಳು.

"ಕರಗಲ್ಲಂತ ನಿನಗ ಗೊತ್ತಿತ್ತಾ?" ಎಂದ.

"ಗೊತ್ತಿತ್ರಿ."

ಅವನು ಗೋಡೆಯ ಕಡೆ ಹೊರಳಿದ. ಎರಡು ದಿನ ಆಕೆಯ ಕೈಯಿಂದ ಗಂಜಿಯನ್ನೂ ಕುಡಿಯಲಿಲ್ಲ, ಸಪನಾ ಕುಡಿಸಬೇಕಾಯಿತು.

ಕಾಂತಾಬಾಯಿ ಮನೆಗೆ ಬಂದು ಎರಡು ಡಬ್ಬಿಗಳಲ್ಲಿ ನೀರು ತುಂಬಿದಳು. ಒಂದರಲ್ಲಿ ಟಿಶ್ಯೂ ಪೇಪರ್, ಇನ್ನೊಂದರಲ್ಲಿ ವೈಪ್ಸ್. ಟಿಶ್ಯೂ ಅಂದೇ ಗಂಜಿಯಾಯಿತು. ವೈಪ್ಸ್ ಹತ್ತನೆಯ ದಿನ ಎತ್ತಿ ಹಿಂಡಿದರೆ ಹೊಸದರಂತೆ ಗಟ್ಟಿ. ಎರಡನ್ನೂ ಶೆಡ್ಡಿಗೆ ಒಯ್ದು ಸೇಠನ ಮುಂದಿಟ್ಟಳು. ಅವನು ಡಬ್ಬಿಯತ್ತ ನೋಡಿದ, ಆಕೆಯ ಮುಖ ನೋಡಲಿಲ್ಲ.

"ಪಂಢರಿಗ ಹಿಂಗಾಗಿದ್ದು ನನಗೂ ಸಂಕಟ ಅದ. ಇದ್ದ ಕವರ್ ಮುಗೀಲಿ, ಆಮ್ಯಾಲ ನೋಡೋಣು."

"ಅಷ್ಟ್ರಾಗ ಇನ್ನೊಬ್ಬಂವ ಇಳೀತಾನ್ರಿ."

ಆ ಮಧ್ಯಾಹ್ನವೇ ಸಪನಾಳ ಕೈಲಿ ಅರ್ಜಿ ಬರೆಸಿಕೊಂಡು, ಚೇಂಬರಿನಿಂದ ಬಂದ ಆ ಅರಿವೆಯನ್ನೂ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋದಳು. ಒಳಗೆ ಇಳಿಸಿದ ಗಾಡಿ ಮಾಲೀಕನ ಹೆಸರೂ ಅದರಲ್ಲಿತ್ತು, ಸುಳ್ಳು ಛಾಪಿಸಿದ ಶೆಡ್ಡಿನ ಹೆಸರೂ ಇತ್ತು. ಅಲ್ಲಿನ ಅಧಿಕಾರಿಯೊಬ್ಬ ಓದಿ ಮುಗಿಸಿ ಕೇಳಿದ: "ಇದು ಅದೇ ಶೆಡ್ಡಿನ ಮಾಲಂತ ಹ್ಯಾಂಗ ಹೇಳ್ತೀರಿ?"

"ನಾನೇ ಪ್ಯಾಕ್ ಮಾಡೀನ್ರಿ, ಸಾಹೇಬ್ರ. ಅದನ್ನೂ ಬರ್ಕೋರಿ."

ಅವನು ಅದನ್ನೂ ಬರೆದುಕೊಂಡ.

ತಪಾಸಣೆ ನಡೆಯಿತು. ಗಾಡಿ ಮಾಲೀಕನ ಮೇಲೆ ಕೇಸಾಯಿತು. ಅದು ಇನ್ನೂ ಕೋರ್ಟಿನಲ್ಲಿದೆ. ಶೆಡ್ಡಿಗೆ ಎರಡು ತಿಂಗಳು ಬೀಗ ಬಿತ್ತು. ಮತ್ತೆ ತೆರೆದಾಗ ಕವರಿನ ಮೇಲೆ ಆ ಸಾಲು ಇರಲಿಲ್ಲ. ಕೆಲಸಕ್ಕೆ ಮಾತ್ರ ಅರ್ಧ ಜನರನ್ನೇ ಕರೆದರು. ಕಾಂತಾಬಾಯಿಗಂತೂ ಕರೆ ಬರಲಿಲ್ಲ.

ಪಂಢರಿ ಮನೆಗೆ ಬಂದಿದ್ದಾನೆ. ಹತ್ತು ಹೆಜ್ಜೆ ನಡೆದರೆ ಏದುಸಿರು. ಹೆಂಡತಿಯೊಡನೆ ಮಾತಾಡುತ್ತಾನೆ, ಊಟ ಮಾಡುತ್ತಾನೆ. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಆಕೆಗೆ ಔರಾದಿನ ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ. ಸೋಮವಾರ ಹೋದರೆ ಶನಿವಾರ ಬರುತ್ತಾಳೆ.

ಒಂದು ಸೋಮವಾರ ಬೀದರ ಬಸ್ ಸ್ಟ್ಯಾಂಡಿನಲ್ಲಿ ಶಾಕಿರಾ ಬೇಗಂ ಕಂಡಳು. ಕೆಲಸ ಕಳೆದುಕೊಂಡವರಲ್ಲಿ ಅವಳೂ ಒಬ್ಬಳು.

"ಆಪಾ, ಚಾ ಕುಡಿಯೋಣ ಬರ್ರಿ" ಎಂದಳು ಕಾಂತಾಬಾಯಿ.

ಶಾಕಿರಾ ಕೈಚೀಲ ಹೆಗಲಿಗೇರಿಸಿಕೊಂಡಳು. "ನೀ ಮಾಡಿದ್ದು ತಪ್ಪಂತ ನಾ ಎಲ್ಲೂ ಅಂದಿಲ್ಲ, ಕಾಂತಾ. ಖರೇ ಹೇಳ್ಬೇಕಂದ್ರ, ನಿನ್ನ ಜೋಡಿ ಕುಂತು ಚಾ ಕುಡೀಲಾಕ ನನ್ನ ಮನಸ್ಸು ಇನ್ನಾ ಒಪ್ಪವಲ್ದು" ಎಂದು ಸೆರಗು ಎಳೆದುಕೊಂಡು ಹೊರಟುಹೋದಳು.

ಕಾಂತಾಬಾಯಿ ಅವಳು ಮರೆಯಾಗುವ ತನಕ ನಿಂತಿದ್ದಳು. ಔರಾದಿನ ಬಸ್ಸಿನ ಕಂಡಕ್ಟರ್ ಎರಡನೆಯ ಸಲ ಕೂಗಿದಾಗ ಚೀಲ ಎತ್ತಿಕೊಂಡು ಹತ್ತಿದಳು.