ಆಡಿನ ತಲೆಯ ಮೇಲೆ ಅಕ್ಕೋರ ಜಡೆ

ಕಳೆದ ವಾರ ನರೇಗಲ್ಲಿನ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತ ಕುಳಿತಿದ್ದೆ. ಪಕ್ಕದಲ್ಲಿ ಒಬ್ಬಾಕೆ ಗೋಣಿತಟ್ಟಿನ ಮೇಲೆ ಅಂಟವಾಳದ ಕಾಯಿ ಹರಡಿಕೊಂಡಿದ್ದಳು. ಕೊಳ್ಳಲು ಬಂದ ಯಾರೋ ಒಂದು ಕಾಯಿ ಒಡೆದು, ನೀರು ಹನಿಸಿ, ನೊರೆ ಬರುತ್ತದೋ ಇಲ್ಲವೋ ಎಂದು ಅಂಗೈಯಲ್ಲಿ ತಿಕ್ಕಿ ನೋಡಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಮೆಣಸಿನಕಾಯಿಯ ರಾಶಿಯಲ್ಲೇ ನಿಂತುಬಿಟ್ಟಿತು. ಅಂಟವಾಳದ ನೊರೆ, ಒದ್ದೆ ಕೂದಲು, ಅದರೊಳಗೆ ಸಣ್ಣಗೆ ಆಡಿನ ವಾಸನೆ… ಮೂರು ವರ್ಷದ ಹಿಂದೆ ನಮ್ಮ ಹಿತ್ತಲು ಒಂದು ವಾರವಿಡೀ ಹೀಗೇ ಇತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುವುದು ರೂಢಿ. ಪಕ್ಕದ ಮನೆಯವರು ಊರಿನ ಪ್ರಾಥಮಿಕ ಶಾಲೆಯ ಅಕ್ಕೋರು. ಯಜಮಾನರು ಬಸ್ ಕಂಡಕ್ಟರ್. ಮಕ್ಕಳಿರಲಿಲ್ಲ. ಹನ್ನೊಂದು ವರ್ಷ ನಮ್ಮಿಬ್ಬರ ಹಿತ್ತಲ ನಡುವೆ ಎದೆಯೆತ್ತರದ ಒಂದು ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಮನೆಯಲ್ಲೇ ಜಂಪರ್ ಹೊಲಿಯುವವಳು. ಬೆಳಿಗ್ಗೆ ಮಷಿನ್ನಿನ ಮುಂದೆ ಕುಳಿತರೆ, ಅವರು ಶಾಲೆಗೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಮುಖಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಅವರ ಬೆನ್ನನ್ನು, ಬೆನ್ನಿಗಿಂತ ಹೆಚ್ಚಾಗಿ ಅವರ ಜಡೆಯನ್ನು. ಸೊಂಟ ದಾಟಿ ಇಳಿದ, ಕೈಗೆ ಹಿಡಿಸದಷ್ಟು ದಪ್ಪ ಜಡೆ. ತುದಿಗೆ ಕೆಂಪು ರಿಬ್ಬನ್ನು, ಮೇಲೆ ಅಬ್ಬಲಿಗೆ ಹೂವು. ಆ ವಯಸ್ಸಿಗೆ ರಿಬ್ಬನ್ನು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಜಡೆ ಹಾಗಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಎದೆಯ ಗಡ್ಡೆಗೆ ಔಷಧ ಏರಿಸಲು ದಿನ ಗೊತ್ತಾದ ಮೇಲೆ ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದು, ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ನನಗೆ ಬೆನ್ನು ಮಾಡಿ ಕುಳಿತರು.

“ತಂಗೀ, ನಿನ್ನ ಕತ್ರಿ ಚಲೋ ಹರಿತ ಐತಿ. ಕತ್ತರಿಸಿಬಿಡು. ತಾನಾಗೇ ಉದುರೋದು ನೋಡ್ಕೋತ ಕೂಡಾಕ ನನ್ನ ಕೈಲೆ ಆಗೂದಿಲ್ಲ.”

ಎಂಥ ದಪ್ಪ ಬಟ್ಟೆಯನ್ನೂ ಒಂದೇ ಸಲಕ್ಕೆ ಕತ್ತರಿಸುವವಳು ನಾನು. ಅಂದು ನಾಲ್ಕು ಸಲ ಕತ್ತರಿ ಹಾಕಬೇಕಾಯಿತು. ಜಡೆ ಕೈಗೆ ಬಂದಾಗ ಅದರ ಭಾರಕ್ಕೆ ಗಾಬರಿಯಾದೆ. ಅಕ್ಕೋರು ಅದನ್ನು ಪೇಪರಿನಲ್ಲಿ ಸುತ್ತಿ, ಬಾಗಿಲಲ್ಲಿ ಕಣ್ಣು ಪಿಳುಕಿಸದೆ ನಿಂತಿದ್ದ ನನ್ನ ಮಗಳ ಕೈಗೆ ಕೊಟ್ಟರು. “ನೀ ಸುಮ್ನ ಕೂಡೂ ಹುಡುಗಿ ಅಲ್ಲ. ಇದ್ರಿಂದ ಏನರೆ ಮಾಡು. ಕಸದಾಗ ಮಾತ್ರ ಒಗೀಬ್ಯಾಡ.”

ಮಗಳು ಆಗ ಒಂಬತ್ತನೇ ತರಗತಿ. ಅವಳ ಕೈಯ ಹುಚ್ಚು ಓಣಿಗೆಲ್ಲ ಗೊತ್ತಿತ್ತು. ಜೋಳದ ದಂಟಿನ ಕನ್ನಡಕ, ಹರಿದ ಛತ್ರಿಯ ಚೀಲ, ಕುಂಬಳಬೀಜದ ಸರ… ಒಮ್ಮೆ ನನ್ನ ಮದುವೆ ಸೀರೆಯ ಸೆರಗನ್ನೇ ಕತ್ತರಿಸಿ ಗೊಂಬೆಗೆ ಪೇಟ ಸುತ್ತಿ ಪೆಟ್ಟು ತಿಂದಿದ್ದಳು. ಆ ಜಡೆಯನ್ನು ಏನು ಮಾಡಿದೆ ಎಂದು ಅವಳನ್ನು ನಾನು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಆಮೇಲಿನ ಎರಡು ತಿಂಗಳಲ್ಲಿ ನನ್ನ ಮಷಿನ್ನಿನ ಸೂಜಿ ಐದಾರು ಸಲ ಮುರಿಯಿತು. ದಾರ ಸರಿಯಿಲ್ಲವೆಂದುಕೊಂಡೆ.

ಆ ಎರಡು ತಿಂಗಳು ಅಕ್ಕೋರ ಮನೆಯ ಬಾಗಿಲು ಹೆಚ್ಚಾಗಿ ಮುಚ್ಚಿಯೇ ಇರುತ್ತಿತ್ತು. ಶಾಲೆಗೆ ರಜೆ ಹಾಕಿದ್ದರು. ಗೋಡೆಯ ಬಳಿಯೂ ಬರುತ್ತಿರಲಿಲ್ಲ. ಪಲ್ಯ ಕೊಡಲು ಹೋದರೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಒಂದು ಕೈಯಿಂದ ಗದ್ದದ ಕೆಳಗೆ ಬಿಗಿಯಾಗಿ ಹಿಡಿದುಕೊಂಡೇ ಇನ್ನೊಂದು ಕೈ ಚಾಚುತ್ತಿದ್ದರು. ಒಮ್ಮೆ ಅಂದರು: “ಸಾಲಿ ಹುಡುಗೂರು ನನ್ನ ಹಿಂಗ ನೋಡಬಾರ್ದು ತಂಗೀ. ನಾ ಇನ್ನ ಸಾಲಿಗೆ ಹೋಗೂದಿಲ್ಲ ಅನ್ಸತೈತಿ.” ಯಜಮಾನರು ಆಗಲೇ ರಾಜೀನಾಮೆಯ ಮಾತು ಎತ್ತಿದ್ದರು.

ಇನ್ನು ನಮ್ಮ ಆಡು. ಅದನ್ನು ಯಾವಗಲ್ ಊರಿನ ನನ್ನ ತವರಿನಿಂದ ಮರಿಯಿದ್ದಾಗ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದೆವು. ಹೆಸರು ಚಂದ್ರಿ. ಹುಟ್ಟಿನಿಂದಲೇ ಕೋಡಿಲ್ಲ. ಹಾಲಿಗೆಂದು ತಂದದ್ದು ಮನೆಯ ಮಗಳಾಗಿ ಬೆಳೆಯಿತು. ಪಡಸಾಲೆಯಲ್ಲೇ ಮಲಗುತ್ತಿತ್ತು. ಒಂದು ನೊಣ ಕೂತರೂ ಸಾಕು, ದೇವರು ಮೈಮೇಲೆ ಬಂದವರ ಹಾಗೆ ತಲೆ ಕೊಡವುತ್ತಿತ್ತು.

ಆ ದಿನ ನಾನು ಒಂದು ಜಂಪರಿಗೆ ಗುಂಡಿ ಹಚ್ಚುತ್ತಿದ್ದೆ. ಕಿಟಕಿಯ ಹೊರಗೆ ಏನೋ ಸರಿದಂತಾಯಿತು. ತಲೆಯೆತ್ತಿದೆ. ಅಕ್ಕೋರ ಜಡೆ ಹೋಗುತ್ತಿತ್ತು.

ನಾನು ಸುಳ್ಳು ಹೇಳುತ್ತಿಲ್ಲ. ಕಿಟಕಿಯ ಕೆಳಅಂಚಿನಲ್ಲಿ ನೆತ್ತಿ ಮಾತ್ರ ಕಾಣುತ್ತಿತ್ತು. ಅದೇ ಬೈತಲೆ, ಅದೇ ಕಪ್ಪು, ಅದೇ ಅಬ್ಬಲಿಗೆ, ಅದೇ ಕೆಂಪು ರಿಬ್ಬನ್ನು. ನಾನೇ ನನ್ನ ಕೈಯಾರೆ ಕತ್ತರಿಸಿದ ಜಡೆ ಓಣಿಯಲ್ಲಿ ನಡೆದು ಹೋಗುತ್ತಿದೆ! ಸೂಜಿ ಬೆರಳಿಗೆ ಚುಚ್ಚಿದ್ದು ಕೂಡ ತಿಳಿಯಲಿಲ್ಲ. ಎದ್ದು ಬಾಗಿಲಿಗೆ ಓಡಿದೆ. ಆಗ ಕಂಡದ್ದು ಕೆಳಗಿನ ನಾಲ್ಕು ಕಾಲು, ಮೋಟು ಬಾಲ.

ಹಿಂದಿನಿಂದ ಮಗಳು ಬರಿಗಾಲಲ್ಲಿ ಓಡಿ ಬಂದಳು. “ಅವ್ವಾ, ಹಿಡಿ! ಹಿಡಿ ಅದನ್ನ!”

ಚಂದ್ರಿಗೆ ಓಡುವ ಆಟ ಹೊಸದಲ್ಲ. ನೇರವಾಗಿ ಅಕ್ಕೋರ ಮನೆಯತ್ತ ತಿರುಗಿತು. ಅಂದು ಆ ಬಾಗಿಲು ತೆರೆದಿತ್ತು. ಯಾಕೆಂದರೆ ಶಾಲೆಯ ಹೆಡ್ ಮಾಸ್ತರು ಅಕ್ಕೋರನ್ನು ಮಾತಾಡಿಸಿಕೊಂಡು ಹೋಗಲು ಬಂದು ಒಳಗೆ ಚಹಾ ಕುಡಿಯುತ್ತ ಕುಳಿತಿದ್ದರು. ಅವರಿಗೆ ಕನ್ನಡಕವಿದ್ದರೂ ದೂರದ್ದು ಸರಿಯಾಗಿ ಕಾಣುವುದಿಲ್ಲ. ಆ ಮನೆಯ ಹೊಸ್ತಿಲ ಹೊರಗೆ ಎರಡು ಮೆಟ್ಟಿಲು ಕೆಳಗಿವೆ, ಅಲ್ಲಿ ನಿಂತ ಆಡಿನ ತಲೆಯಷ್ಟೇ ಒಳಗಿನವರಿಗೆ ಕಾಣುತ್ತದೆ. ಯಾರೋ ಹೆಣ್ಣುಮಗಳು ಬಾಗಿ ಚಪ್ಪಲಿ ಬಿಡುತ್ತಿದ್ದಾಳೆಂದು ತಿಳಿದ ಮಾಸ್ತರು ಕಪ್ಪು ಕೆಳಗಿಟ್ಟು, ಎದ್ದು ಕೈಮುಗಿದರು.

“ಬರ್ರಿ ಅಕ್ಕಾರ, ಒಳಗ ಬರ್ರಿ. ಅಲ್ಲೇ ಯಾಕ ನಿಂತ್ರಿ?”

ಅಕ್ಕಾರು ಎರಡೂ ಮೆಟ್ಟಿಲು ಹಾರಿ ಒಳಗೆ ಬಂದರು. ಬಂದು, ಮ್ಯಾಂ ಎಂದರು.

ಹೆಡ್ ಮಾಸ್ತರು ಕೈಮುಗಿದದ್ದು ಹಾಗೇ ಉಳಿಯಿತು. ನಾನು ಬಾಗಿಲಲ್ಲಿ ನಿಂತೆ. ಅಕ್ಕೋರು ಗೋಡೆಗೊರಗಿ ಕುಳಿತಿದ್ದರು, ಸೆರಗು ಗದ್ದದ ಕೆಳಗೆ ಬಿಗಿಯಾಗಿತ್ತು. ಅವರ ಕಣ್ಣು ಆಡಿನ ನೆತ್ತಿಯ ಮೇಲೆ ನೆಟ್ಟಿತ್ತು. ಅವರಿಗೆ ಗೊತ್ತಾಯಿತು. ತಮ್ಮ ಕೂದಲು ಯಾರಿಗೆ ಗೊತ್ತಾಗುವುದಿಲ್ಲ? ಚಂದ್ರಿ ತಲೆಯನ್ನು ಒಂದು ಸಲ ಜೋರಾಗಿ ಕೊಡವಿ, ಹೆಗಲ ಮೇಲೆ ಬಂದ ಜಡೆಯ ತುದಿಯನ್ನು ರಿಬ್ಬನ್ನಿನ ಸಮೇತ ಬಾಯಿಗೆ ಹಾಕಿಕೊಂಡು ಮೆಲ್ಲತೊಡಗಿತು.

ಭೂಮಿ ಬಾಯಿ ಬಿಟ್ಟಿದ್ದರೆ ನಾನು ಇಳಿದುಬಿಡುತ್ತಿದ್ದೆ. ಸಾವಿನೊಡನೆ ಗುದ್ದಾಡುತ್ತಿರುವ ಹೆಣ್ಣುಮಗಳನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೀಗೆ ಅಣಕಿಸುವುದೇ? ಅಷ್ಟರಲ್ಲಿ ಅವಳು ನನ್ನ ಕಂಕುಳ ಕೆಳಗಿಂದ ನುಸುಳಿ ಒಳಗೆ ಹೋದಳು. ಏದುಸಿರು ಬಿಡುತ್ತಿದ್ದಳು. ಮುಖ ಮಾತ್ರ ಮೊದಲ ನಂಬರು ಬಂದವರ ಹಾಗೆ ಅರಳಿತ್ತು.

“ಅಕ್ಕೋರ, ಜಾರಲಿಲ್ರೀ! ನೋಡ್ರಿ, ಇಷ್ಟ ಓಡಿದ್ರೂ ಜಾರಲಿಲ್ಲ!”

ನಾನು ಕೈಯೆತ್ತಿದೆ. ಅಕ್ಕೋರು “ತಡಿ ತಂಗೀ” ಎಂದರು. ಮಗಳು ಒಂದೇ ಉಸಿರಿಗೆ ಹೇಳಿದಳು. ಜಂಪರಿನ ಅಸ್ತರ್ ಬಟ್ಟೆಯ ಟೊಪ್ಪಿಗೆ ಮಾಡಿ, ಒಂದೊಂದೇ ಎಳೆ ದಾರಕ್ಕೆ ಕಟ್ಟಿ, ಮಷಿನ್ನಿನಲ್ಲಿ ಸಾಲುಸಾಲಾಗಿ ಹೊಲಿದಿದ್ದಳಂತೆ. ಗಡಿಗೆಯ ಮೇಲೆ ಇಟ್ಟರೆ ಚೆನ್ನಾಗಿ ಕೂರುತ್ತಿತ್ತು, ಆದರೆ ಗಡಿಗೆ ಅಲ್ಲಾಡುವುದಿಲ್ಲ. ತನ್ನ ತಲೆಗೆ ಹಾಕಿದರೆ ತನ್ನ ಕೂದಲೇ ಹಿಡಿದುಕೊಳ್ಳುತ್ತಿತ್ತು. “ಕೂದ್ಲಿಲ್ಲದ ತಲಿ ಬೇಕಾಗಿತ್ರಿ. ಚಂದ್ರಿ ಇಡೀ ದಿನ ತಲಿ ಕೊಡವ್ತೈತಿ. ಅದರ ಮ್ಯಾಲ ನಿಂತ್ರ ನಿಮ್ಮ ತಲಿ ಮ್ಯಾಲೂ ನಿಲ್ತೈತಿ ಅಂತ…”

ಮಾತಿನ ಕೊನೆಗೆ ಅವಳ ದನಿ ಸಣ್ಣದಾಯಿತು. ಎಲ್ಲರ ಮುಖ ನೋಡಿದ ಮೇಲೆ ಅವಳಿಗೂ ಏನೋ ತಿಳಿದಿರಬೇಕು.

ಅಕ್ಕೋರು ನಿಧಾನವಾಗಿ ಎದ್ದು ಬಂದು ಆಡಿನ ಮುಂದೆ ಮೊಣಕಾಲೂರಿದರು. ಬೆರಳಿನಿಂದ ಬೈತಲೆಯನ್ನು ಮುಟ್ಟಿದರು. “ನಡುವಿಗೆ ಸರಿ ಹಿಡದಾಳ ನೋಡು” ಎಂದರು. ಆಮೇಲೆ ಅವರ ಗಂಟಲಿನಿಂದ ಒಂದು ಸದ್ದು ಬಂತು. ಅಳುತ್ತಿದ್ದಾರೆಂದುಕೊಂಡೆ. ಕೆಮ್ಮೇನೋ ಎಂದುಕೊಂಡ ಹೆಡ್ ಮಾಸ್ತರು ನೀರಿನ ಚೊಂಬು ಎತ್ತಿಕೊಂಡರು. ಅದು ನಗು. ತಡೆದು ತಡೆದು, ಕೊನೆಗೆ ತಡೆಯಲಾರದೆ ಅಕ್ಕೋರು ಆಡಿನ ಕೊರಳನ್ನು ತಬ್ಬಿಕೊಂಡು ನಗುತ್ತಿದ್ದರು. ನಗುವಾಗ ಸೆರಗು ಜಾರಿತು. ಬಟ್ಟಲಿನಂಥ ಬೋಳು ತಲೆ. ನಾನು ಮೊದಲ ಸಲ ನೋಡಿದ್ದು ಆಗ. ಹೆಡ್ ಮಾಸ್ತರು ಥಟ್ಟನೆ ಮುಖ ತಿರುಗಿಸಿದರು.

“ತಿರಗ್ರಿ ಸರ, ತಿರಗ್ರಿ” ಎಂದರು ಅಕ್ಕೋರು. ಸೆರಗನ್ನು ಮೇಲೆಳೆದುಕೊಳ್ಳಲಿಲ್ಲ. “ಖರೇ ಹೇಳ್ರಿ. ಜಡಿ ಯಾರಿಗೆ ಚಲೋ ಕಾಣ್ತೈತಿ, ಇದಕ್ಕೋ, ನನಗೋ?”

ಹೆಡ್ ಮಾಸ್ತರು ಪ್ರಾಮಾಣಿಕರು. ಅದೇ ಅವರ ತೊಂದರೆ. ಕನ್ನಡಕ ಸರಿಮಾಡಿಕೊಂಡು ಎರಡೂ ಮುಖ ನೋಡಿ, “ಸದ್ಯಕ್ಕ ಆಡಿಗೇ ಚಲೋ ಕಾಣ್ತೈತ್ರಿ” ಎಂದು, ಆಡಿದ ಮಾತು ತಮಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡರು. ಅಕ್ಕೋರು ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡರು. ಆಗ ನಾನೂ ನಕ್ಕೆ.

ಒಂದು ಗೇಣು ಜಡೆಯನ್ನು ಚಂದ್ರಿ ತಿಂದು ಮುಗಿಸಿತ್ತು. ಉಳಿದದ್ದನ್ನು ವಾರವಿಡೀ ಅಂಟವಾಳದ ನೀರಿನಲ್ಲಿ ತೊಳೆದು ತೊಳೆದು ಒಣಗಿಸಿದೆವು. ವಾಸನೆ ಪೂರ್ತಿ ಹೋಗಲಿಲ್ಲ. ಅಕ್ಕೋರು ಅದನ್ನೇ ಕಟ್ಟಿಕೊಂಡು ಶಾಲೆಗೆ ಹೋದರು. ಮಕ್ಕಳು ಕೇಳುವ ಮೊದಲೇ ಕತೆಯನ್ನು ತಾವೇ ಹೇಳಿದರಂತೆ. ಬಿಸಿಲು ಹೆಚ್ಚಾದಾಗ ಜಡೆಯನ್ನು ತೆಗೆದು ತರಗತಿಯ ಮೊಳೆಗೆ ಛತ್ರಿಯ ಪಕ್ಕದಲ್ಲಿ ನೇತುಹಾಕಿ ಪಾಠ ಮಾಡುತ್ತಿದ್ದರು. ಮೂರನೆಯ ತರಗತಿಯ ಮಕ್ಕಳಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ. ರಾಜೀನಾಮೆಯ ಮಾತು ಯಾರೂ ಎತ್ತಲಿಲ್ಲ.

ಹೀಗೆ ಒಂದೂವರೆ ವರ್ಷ… ಅಷ್ಟೇ.

ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ “ಹುಬ್ಬಳ್ಳಿಗೆ ಹೋಗಿ ಬರ್ತೇವಿ ತಂಗೀ, ನಾಕ ದಿನ” ಎಂದರು. ಗಡ್ಡೆ ಮತ್ತೆ ಬಂದಿದೆ ಎಂದು ಹೇಳಲಿಲ್ಲ. ಒಂಬತ್ತನೇ ದಿನ ಗಾಡಿ ಬಂದು ನಿಂತಿತು. ನಾನು ಬಂದಿರಾ ಎನ್ನುತ್ತ ಹೊರಗೆ ಹೋದೆ. ಹಿಂದಿನ ಬಾಗಿಲು ತೆಗೆದಾಗ ಬಿಳಿ ಬಟ್ಟೆ ಹೊದಿಸಿದ್ದು ಕಂಡಿತು… ಇವತ್ತಿಗೂ ಗಾಡಿಯ ಬಾಗಿಲಿನ ಸಪ್ಪಳಕ್ಕೆ ನಾನು ಬೆಚ್ಚುತ್ತೇನೆ. ಯಜಮಾನರು ಚೀಲದಿಂದ ಜಡೆಯನ್ನು ತೆಗೆದು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದರು. ಮಗಳು ಹೋಗಿ ಇಸಿದುಕೊಂಡಳು. ಅಕ್ಕೋರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೈತಲೆ ನಡುವಿಗೆ ಬರುವಂತೆ ಕಟ್ಟಿದಳು.

ಯಜಮಾನರು ರೋಣಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಗೋಡೆಯನ್ನು ಎತ್ತರಿಸಿದ್ದಾರೆ. ಮಗಳು ಗಜೇಂದ್ರಗಡದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕೂದಲಿನ ಕೆಲಸವನ್ನು ಮತ್ತೆ ಮುಟ್ಟಿರಲಿಲ್ಲ.

ಮೊನ್ನೆ ಭಾನುವಾರ ಮುಶಿಗೇರಿಯ ಒಬ್ಬ ಹೆಣ್ಣುಮಗಳು ವಿಳಾಸ ಕೇಳಿಕೊಂಡು ಬಂದರು. ಸೆರಗು ಹಣೆಯವರೆಗೆ ಇತ್ತು. ಒಂದು ಕೈ ಗದ್ದದ ಕೆಳಗೆ. ಆ ಕೈ ನೋಡಿಯೇ ನಾನು ಸ್ಟೂಲನ್ನು ಮುಂದೆ ಎಳೆದೆ.

“ಕೂದ್ಲ ಟೊಪಗಿ ಮಾಡೂ ಹುಡುಗಿ ಇಲ್ಲೇ ಅದಾಳೇನ್ರಿ? ಹುಬ್ಬಳ್ಳಿ ದವಾಖಾನ್ಯಾಗ ನನ್ನ ಬಾಜೂ ಕಾಟಿನ್ಯಾಗ ಒಬ್ಬ ಅಕ್ಕೋರು ಇದ್ರು. ಆಡಿನ ಕತಿ ಹೇಳಿ ಹೇಳಿ ನಗಸ್ತಿದ್ರು. ನನಗ ಮತ್ತ ಔಷಧ ಸುರು ಮಾಡ್ಯಾರ್ರಿ ಈಗ…” ಎಂದವರು, ಸ್ಟೂಲಿನ ಮೇಲೆ ಕುಳಿತು ಸುತ್ತ ನೋಡಿ ಕೇಳಿದರು: “ಅಕ್ಕೋರು ಹ್ಯಾಂಗದಾರ್ರಿ?”

ನಾನು ಮಷಿನ್ನಿನ ಮೇಲಿದ್ದ ಬಟ್ಟೆಯನ್ನು ಮಡಚತೊಡಗಿದೆ.

“ಸಾಲಿಗೆ ಹೋಗ್ಯಾರ್ರಿ” ಎಂದಳು ಮಗಳು, ಟೇಪು ಬಿಚ್ಚುತ್ತ.

ಭಾನುವಾರ ಶಾಲೆ ಎಲ್ಲಿಯದು? ಆ ಹೆಣ್ಣುಮಗಳು ಮಗಳ ಮುಖವನ್ನೇ ಒಂದಿಷ್ಟು ಹೊತ್ತು ನೋಡಿದರು. ಆಮೇಲೆ “ಚಲೋ ಆತ ಬಿಡವಾ” ಎಂದು ಸೆರಗು ಸರಿಸಿ ತಲೆ ಬಾಗಿಸಿದರು.