ಹೆದ್ದಾರಿ ಬದಿಯ ಹುಣಸೆಗಿಡ

ಎಪ್ಪತ್ತರ ದಶಕದ ಕೊನೆಗೆ ಹಾನಗಲ್ಲಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಮದುವೆ, ತೊಟ್ಟಿಲು, ಪಾಸ್‌ಪೋರ್ಟ್ ಸೈಜು ಎಂದು ಹೊಟ್ಟೆ ತುಂಬುತ್ತಿತ್ತು, ಮನಸ್ಸು ತುಂಬುತ್ತಿರಲಿಲ್ಲ. 'ಗದ್ದ ಮೇಲೆ ಮಾಡಿ' ಎಂದು ಹೇಳಿ ಹೇಳಿ ಮನುಷ್ಯರ ಮುಖವೇ ಸಾಕಾಗಿತ್ತು. ಒಂದು ದಿನ ಬಿಡುವು ಸಿಕ್ಕರೆ ಕ್ಯಾಮೆರಾ, ಮೂರುಕಾಲಿನ ಸ್ಟ್ಯಾಂಡು ಹೊತ್ತು ಗಿಡಗಳ ಫೋಟೋ ತೆಗೆಯಲು ಹೊರಟುಬಿಡುತ್ತಿದ್ದೆ. ಹಿರೇಕೆರೂರಿನ ಕಡೆಯ ಆಲ, ಸವಣೂರಿನ ಆನೆಯಂಥ ದೊಡ್ಡಹುಣಸೆ, ಯಾವುದೂ ಸಮಾಧಾನ ಕೊಡಲಿಲ್ಲ. ಒಂದರ ಹಿಂದೆ ಲೈಟಿನ ಕಂಬ, ಇನ್ನೊಂದರ ಮುಂದೆ ತಲೆ ಬಾಚಿಕೊಂಡು ಬಂದು ನಿಂತ ಊರ ಮಂದಿ.

"ಗಿಡಾ ಎಲ್ಲಿ ಓಡಿ ಹೊಕ್ಕೈತೋ? ಮಂದೀ ಫೋಟೋ ತಗಿ, ನಾಳೆ ಸತ್ತರ ಗ್ವಾಡಿಗರ ಹಾಕಾಕ ಬರ್ತೈತಿ" ಎಂದು ಅವ್ವ ಬೈಯುತ್ತಿದ್ದಳು.

ಕೊನೆಗೆ ಶಿಗ್ಗಾಂವಿಯ ಆಚೆ, ಹೆದ್ದಾರಿಗೆ ಹತ್ತಿದ ಹೊಲದ ಬದುವಿನಲ್ಲಿ ಒಂದು ಹುಣಸೆಗಿಡ ಕಂಡಿತು. ಹಿಂದೆ ಬಯಲು, ಮೇಲೆ ಆಕಾಶ, ಅಷ್ಟೇ. ಬೆಳಗಿನ ಮಂಜಿನಲ್ಲಿ, ನರಪಿಳ್ಳೆಯೂ ಇಲ್ಲದೆ, ಅದೊಂದನ್ನೇ ಹಿಡಿಯಬೇಕೆಂಬ ಹುಚ್ಚು ಹತ್ತಿತು. ಆ ಸಂಜೆ ಸ್ಟ್ಯಾಂಡು ನಿಲ್ಲಿಸಿ, ಫೋಕಸ್ಸಿಗೆಂದು ಟೇಪು ಹಿಡಿದು ಗಿಡದವರೆಗೆ ಅಳೆದೆ. ಮರುದಿನ ಅದೇ ಜಾಗ ಸಿಗಲೆಂದು ಒಂದು ಗೂಟ ಬಡಿದೆ. ಹೊಲದೊಡತಿ ಅಜ್ಜಿ ದೂರ ನಿಂತು ನೋಡುತ್ತಲೇ ಇದ್ದಳು. "ನಾಳೆ ಮುಂಜಾನಿ ಬರ್ತೇನವ್ವಾ" ಎಂದೆ. ಅವಳ ಕಣ್ಣು ಗೂಟದ ಮೇಲೇ ಇತ್ತು.

ಶಿಗ್ಗಾಂವಿಯ ನೆಂಟರ ಮನೆಯಲ್ಲಿ ನಿದ್ದೆಯಿಲ್ಲದೆ ಹೊರಳಾಡಿ, ಬೆಳಕು ಹರಿಯುವ ಮೊದಲೇ ಓಡಿದೆ. ಮಂಜು ನಾನು ಬೇಡಿದ ಹಾಗೇ ಬಿದ್ದಿತ್ತು. ಆದರೆ ಗಿಡ! ಕಾಂಡಕ್ಕೆ ಹಸಿರು ಇಳಕಲ್ ಸೀರೆ, ಅರಿಶಿನ, ಕುಂಕುಮ, ಬುಡದಲ್ಲಿ ಸುಣ್ಣ ಬಳಿದ ಕಲ್ಲು, ಒಡೆದ ತೆಂಗಿನಕಾಯಿ. ದೆವ್ವ ಇರುತ್ತದೆಂದು ಸಂಜೆ ಯಾರೂ ಕೆಳಗೆ ನಿಲ್ಲದ ಹುಣಸೆ ಬೆಳಗಾಗುವುದರೊಳಗೆ ದೇವರಾಗಿತ್ತು.

"ಇದು ದೇವಿ ಗಿಡರೀ ಸಾಹೇಬ್ರ. ಇದನ್ನ ಕಡೀಬ್ಯಾಡ್ರಿ, ರಸ್ತಾ ಆ ಕಡೆ ಹೊಳ್ಳಿಸ್ರಿ" ಎಂದು ಅಜ್ಜಿ ಕೈಮುಗಿದಳು.

ಸ್ಟ್ಯಾಂಡು, ಟೇಪು, ಗೂಟ ನೋಡಿ ನನ್ನನ್ನು ರಸ್ತೆ ಅಗಲ ಮಾಡುವ ಅಧಿಕಾರಿ ಎಂದುಕೊಂಡಿದ್ದಳು. ನಾನು ಫೋಟೋದವನೆಂದರೆ ನಂಬಲೇ ಇಲ್ಲ.

"ಬರೇ ಗಿಡದ ಫೋಟೋ ಯಾರ್ ತಗೀತಾರ್ರಿ?"

ಮಂಜು ಕರಗುತ್ತಿತ್ತು. ತಡೆಯಲಾಗದೆ, "ಒಂದ್ ಚಣ ಸೀರಿ ಬಿಚ್ಚ್ರವ್ವಾ" ಎಂದುಬಿಟ್ಟೆ.

"ದೇವೀ ಸೀರಿ ಬಿಚ್ಚಂತೀರೇನು?" ಅಜ್ಜಿ ಕುಡಗೋಲು ಎತ್ತಿದಳು. ನಾನು ಜೋಲು ಮುಖ ಹೊತ್ತು ಬಸ್ಸು ಹತ್ತಿದೆ.

ಎಂಬತ್ತರ ದಶಕದಲ್ಲಿ ರಸ್ತೆ ನಿಜವಾಗಿಯೂ ಅಗಲವಾಯಿತು. ಎರಡೂ ಬದಿಯ ಸಾಲುಗಿಡಗಳು ಉರುಳಿದವು. ಬಸ್ಸಿನ ಕಿಟಕಿಯಿಂದ ಬೊಡ್ಡೆಗಳನ್ನು ಎಣಿಸುತ್ತ ಹೋದೆ. ನನ್ನ ಹುಣಸೆ ಮಾತ್ರ ಸೀರೆಯುಟ್ಟು ಡಾಂಬರಿನ ಅಂಚಿಗೆ ನಿಂತಿತ್ತು. ಬಸ್ಸು ನಿಲ್ಲಿಸಿ ಕ್ಯಾಮೆರಾ ಚೀಲದೊಡನೆ ಇಳಿದೆ.

ಬೆನ್ನು ಬಾಗಿದ ಅಜ್ಜಿ ಗುರುತು ಹಿಡಿದು ನಕ್ಕಳು. "ಗೂಟದ ಸಾಹೇಬ್ರ, ಅವತ್ತ ನೀವು ಬರದಿದ್ರ ನನಗ ಈ ಬುದ್ಧಿನ ಹೊಳೀತಿದ್ದಿಲ್ಲ. ಕಡಿಯಾಕ ಬಂದವ್ರು ಕೈಮುಗದು ಹ್ವಾದ್ರು. ಈಗ ತಗೀರಿ ಫೋಟೋ."

ಹಾಗೆಂದವಳು ಸೆರಗು ಸರಿಮಾಡಿಕೊಂಡು, ಗಿಡಕ್ಕೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ನಿಂತಳು. 'ಪಕ್ಕಕ್ಕೆ ಸರಿಯಿರಿ' ಎನ್ನಲು ಬಾಯಿ ತೆರೆದೆ.

"ಗದ್ದ ಸ್ವಲ್ಪ ಮ್ಯಾಲೆ ಮಾಡ್ರವ್ವಾ" ಎಂದೆ.