ಹೆಂಚು ಇಳಿಸಿದ ಮನೆ

ಎರಡನೆಯ ಮಹಾಯುದ್ಧದ ದಿನಗಳಲ್ಲಿ ನಾನು ದೊಡ್ಡಬಳ್ಳಾಪುರದಲ್ಲಿ ಹೊಸ ವಕೀಲ. ಬೆಂಗಳೂರಿನ ಹಿರಿಯರೊಬ್ಬರ ಬಳಿ ಎರಡು ವರ್ಷ ಕೆಲಸ ಕಲಿತು, ಸ್ವಂತ ಊರಿಗೆ ಮರಳಿ, ಮನೆಯ ಮುಂದೆ ಬೋರ್ಡು ತಗುಲಿಸಿದ್ದೆ. ಕಕ್ಷಿಗಾರರು ಬರುತ್ತಿರಲಿಲ್ಲ. ನನಗೆ ಅಕ್ಷರ ಕಲಿಸಿದ ಹೆಡ್‌ಮಾಸ್ತರರು ಆಗ ನಿವೃತ್ತರಾಗಿ ಪೇಟೆಯ ವಾಚನಾಲಯ ನೋಡಿಕೊಳ್ಳುತ್ತಿದ್ದರು. ಒಂದು ದಿನ ಕರೆದು, "ಹೆಂಗಿದ್ರೂ ಸುಮ್ನೆ ಕೂತಿರ್ತೀಯ. ಭಾನುವಾರ ಬೆಳಿಗ್ಗೆ ಇಲ್ಲೇ ಬಂದು ಕೂತ್ಕೋ. ಬಾಡಿಗೆ ಮನೆಯೋರು ಕಷ್ಟ ಹೇಳ್ಕೊಂಡು ಬರ್ತಾರೆ, ಕೇಳು" ಎಂದರು. ಫೀಸಿನ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜನಸೇವೆಯ ಹುಮ್ಮಸ್ಸಿನಿಂದ ಒಪ್ಪಿದೆ ಎಂದರೆ ಸುಳ್ಳಾಗುತ್ತದೆ. ಭಾನುವಾರ ಇಡೀ ದಿನ ತಂದೆಯ ಎದುರು ಕೂತಿರುವುದಕ್ಕಿಂತ ಅದು ವಾಸಿ ಎನ್ನಿಸಿತ್ತು.

ಆಗ ಊರಿನಲ್ಲಿ ಮನೆಗಳಿಗೆ ಎಲ್ಲಿಲ್ಲದ ಬೇಡಿಕೆ. ಬೆಂಗಳೂರಿನ ಮೇಲೆ ಬಾಂಬು ಬೀಳುತ್ತದೆ ಎಂಬ ಸುದ್ದಿ ಹಬ್ಬಿ, ಅನುಕೂಲವಿದ್ದವರು ಹೆಂಡತಿ ಮಕ್ಕಳನ್ನು ಸುತ್ತಲಿನ ಊರುಗಳಿಗೆ ಕಳಿಸುತ್ತಿದ್ದರು. ಹಳೆಯ ಬಾಡಿಗೆದಾರರನ್ನು ಎಬ್ಬಿಸಿ ಇವರನ್ನು ಕೂಡಿಸಿಕೊಳ್ಳುವ ಆಸೆ ಹಲವು ಮಾಲೀಕರಿಗೆ ಹುಟ್ಟಿತು. ಹಾಗೆ ಎಬ್ಬಿಸಕೂಡದೆಂದು ಸರ್ಕಾರದ ಹುಕುಂ ಬಂದಿತ್ತು. ಅದನ್ನು ಜಾರಿ ಮಾಡುವ ಅಧಿಕಾರ ಅಮಲ್ದಾರರದು. ಆದರೆ ಅಂಥದೊಂದು ಹುಕುಂ ಇದೆಯೆಂದು ಬಾಡಿಗೆದಾರರಿಗೆ ಗೊತ್ತಿರಲಿಲ್ಲ. ಅದನ್ನು ಓದಿ ಹೇಳುವುದೇ ನನ್ನ ಕೆಲಸವಾಯಿತು.

ಮೂರನೆಯ ಭಾನುವಾರವೋ ನಾಲ್ಕನೆಯದೋ, ನೇಕಾರರ ಹೆಂಗಸೊಬ್ಬಳು ಬಂದಳು. ಮೂವತ್ತರ ಆಸುಪಾಸು. ಗಂಡ ಹಿಂದೆಯೇ ನಿಂತಿದ್ದ; ಕೇಳಿದ್ದಕ್ಕೆಲ್ಲ ಹೆಂಡತಿಯ ಮುಖ ನೋಡುತ್ತಿದ್ದ. ಅವರ ಮನೆಯ ಮಾಲೀಕ ಪೇಟೆಯಲ್ಲಿ ದಿನಸಿ ಮಂಡಿ ಇಟ್ಟವನು. ಅಮಾವಾಸ್ಯೆಯೊಳಗೆ ಖಾಲಿ ಮಾಡಿ ಎಂದು ಹೇಳಿಹೋಗಿದ್ದನಂತೆ.

"ಪಾತ್ರೆ ಪಗಡ ಆದ್ರೆ ಹೊತ್ಕೊಂಡ್ ಹೋಗ್ಬೌದು ಸ್ವಾಮಿ," ಎಂದಳು ಅವಳು. "ಗುಂಡಿ ಹೊತ್ಕೊಂಡ್ ಹೋಗಕ್ಕಾಯ್ತದಾ?"

ಅವರದು ಗುಂಡಿಮಗ್ಗ. ನೆಲ ಅಗೆದು ಕಾಲಿಳಿಸಿ ಕೂತು ನೇಯುವಂಥದು. ಮಗ್ಗದ ಮೇಲೆ ರೇಷ್ಮೆ ಸೀರೆಗಳ ಹಾಸು, ಎಂದರೆ ಉದ್ದೆಳೆಗಳು, ಏರಿತ್ತು. ಅದನ್ನು ನಡುವೆ ಕಿತ್ತರೆ ಎಳೆ ಎಳೆಯೂ ಸಿಕ್ಕಾಗುತ್ತದೆ. ಬೇರೆ ಮನೆಯ ಯಜಮಾನ ನೆಲ ಅಗೆಯಲು ಬಿಡುವುದೂ ಅನುಮಾನ. ನಾನು ಹುಕುಂ ಓದಿ ಹೇಳಿದೆ. ಮಾಲೀಕನಿಗೆ ಒಂದು ಕಾಗದವನ್ನೂ ಬರೆದುಕೊಟ್ಟೆ.

ಅದಾಗಿ ವಾರದೊಳಗೆ ಅವಳು ನೇರ ನಮ್ಮ ಮನೆಗೇ ಬಂದಳು. "ಹೆಂಚು ಇಳಿಸ್ಬಿಟ್ರು ಸ್ವಾಮಿ. ರಿಪೇರಿ ಅಂತೆ. ಏಣಿ ತಂದು ಮಗ್ಗದ ಮೇಲಿಂದೇ ಮೊದ್ಲು ತೆಗೆದ್ರು."

"ಮನೆ ಬಿಡ್ಬೇಡಿ," ಎಂದೆ. "ಒಂದು ದಿನ ಹೊರಗೆ ಹೋದ್ರೂ ನೀವಾಗೇ ಬಿಟ್ರಿ ಅಂತಾರೆ. ನಾನು ಅಮಲ್ದಾರರಿಗೆ ಅರ್ಜಿ ಹಾಕ್ತೀನಿ."

"ಮಳೆ ಬಂದ್ರೆ?"

"ಈಗ ಬರಲ್ಲ," ಎಂದುಬಿಟ್ಟೆ. ಕಾನೂನು ಓದಿದವನ ಬಾಯಲ್ಲಿ ಬಂದದ್ದಕ್ಕೆ ಅವಳು ಅದನ್ನೂ ನಂಬಿದಳೋ ಏನೋ. ಅವರು ರಾಜಘಟ್ಟದಲ್ಲಿದ್ದ ನೆಂಟರಿಂದ ಈಚಲು ಚಾಪೆಗಳನ್ನು ತರಿಸಿ ತೊಲೆಗಳ ಮೇಲೆ ಹಾಸಿ, ಅದರ ಕೆಳಗೇ ಲಾಳಿ ಆಡಿಸತೊಡಗಿದರು.

ಮೂರನೆಯ ದಿನ ಮಧ್ಯಾಹ್ನ ಮಳೆ ಬಂತು. ದೊಡ್ಡ ಮಳೆಯೇನಲ್ಲ, ಅರ್ಧ ಗಂಟೆಯ ಅಡ್ಡಮಳೆ. ನಿಂತ ಮೇಲೆ ಹೋಗಿ ನೋಡಿದೆ. ಗಂಡ ಗುಂಡಿಯೊಳಗೆ ನಿಂತು ಚೆಂಬಿನಿಂದ ನೀರು ಮೊಗೆದು ಹಾಕುತ್ತಿದ್ದ. ಅಂಚಿನ ಕೆಂಪು ಬಣ್ಣ ಒಡಲಿನ ಬಿಳಿಗೆ ಹರಿದು, ಒಂದು ಮೊಳದಷ್ಟು ಹಾಸು ಗುಲಾಬಿಯಾಗಿತ್ತು. ಹೆಂಡತಿ ಹಳೆಯ ಪಂಚೆಯಿಂದ ಒಂದೊಂದೇ ಪದರ ಒತ್ತಿ ಒರೆಸುತ್ತಿದ್ದಳು. ಇಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ನನ್ನ ಹತ್ತಿರ ಹುಕುಂ ಇತ್ತು. ಮನೆಗೆ ಬಂದೆ.

ಮರುದಿನ ಅಮಲ್ದಾರರ ಕಚೇರಿಯ ಮುಂದೆ ಕೂತು, ಅವರು ಹೊರಗೆ ಬಂದಾಗ ಅಡ್ಡ ನಿಂತು, ಆಗಲೇ ಹಾಕಿದ್ದ ಅರ್ಜಿಯ ವಿಷಯ ಹೇಳಿದೆ. ನನ್ನ ಮಾತಿಗಿಂತ ಜೊತೆಗಿದ್ದ ಹೆಡ್‌ಮಾಸ್ತರರ ಬಿಳಿ ರುಮಾಲಿಗೆ ಅವರು ಬೆಲೆ ಕೊಟ್ಟರೆಂದು ಕಾಣುತ್ತದೆ. ಸಂಜೆಗೆ ಸ್ಥಳ ತನಿಖೆಗೆ ಬಂದರು. ಬೀದಿಯೆಲ್ಲ ಸೇರಿತು. ಮಾಲೀಕ ಕೈಮುಗಿದು, "ಹಳೇ ಹೆಂಚು ಬುದ್ಧಿ, ಎಲ್ಲಾ ಒಡೆದು ಸೋರ್ತಿತ್ತು. ಅವ್ರಿಗೇ ಒಳ್ಳೇದಾಗ್ಲಿ ಅಂತ ಇಳಿಸ್ದೆ" ಎಂದ.

ನಾನು ಹುಕುಮಿನ ಕಲಮು ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳು, "ಒಡೆದಿದ್ರೆ ತಿಪ್ಪೆಗೆ ಹಾಕಿರ್ತಿದ್ರು ಸ್ವಾಮಿ. ಅವ್ರ ಹಿತ್ಲಲ್ಲಿ ಒಂದರ ಮೇಲೊಂದು ಜೋಡಿಸವ್ರೆ. ಬನ್ನಿ, ತೋರಿಸ್ತೀನಿ" ಎಂದಳು.

ಅಮಲ್ದಾರರು ಹಿತ್ತಲಿಗೆ ಹೋಗಿ ನೋಡಿದರು. ನಾಡಹೆಂಚುಗಳು ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದವು. ಒಡೆದವು ಐದಾರು ಇರಬಹುದು. ಎರಡು ದಿನದೊಳಗೆ ಮತ್ತೆ ಹೆಂಚು ಹೊದಿಸಬೇಕು, ಬಾಡಿಗೆದಾರರ ತಂಟೆಗೆ ಹೋಗಕೂಡದು ಎಂದು ಅಲ್ಲೇ ಹುಕುಂ ಆಯಿತು. ನಾನು ಓದಿದ್ದ ಕಲಮುಗಳಲ್ಲಿ ಒಂದೂ ಬೇಕಾಗಲಿಲ್ಲ.

ಆ ಮೇಲಿನ ಭಾನುವಾರ ವಾಚನಾಲಯದಲ್ಲಿ ಜನ ಹೆಚ್ಚಿದರು. ನನ್ನ ಹೆಸರು ಊರಲ್ಲಿ ಓಡಾಡತೊಡಗಿತು. ತಂದೆಯೂ ಊಟದ ಹೊತ್ತಿನಲ್ಲಿ ಒಂದೆರಡು ಮಾತಾಡತೊಡಗಿದರು.

ತಿಂಗಳು ಕಳೆದ ಮೇಲೆ ಆ ಬೀದಿಯಲ್ಲಿ ಹೋಗುವಾಗ ನೋಡಿದರೆ, ಅವರ ಮನೆಯ ಜಗಲಿಯ ಮೇಲೆ ಪಟ್ಟಣದ ರೀತಿಯಲ್ಲಿ ಸೀರೆಯುಟ್ಟ ಬಸುರಿ ಹುಡುಗಿಯೊಬ್ಬಳು ಅಕ್ಕಿ ಆರಿಸುತ್ತ ಕೂತಿದ್ದಳು. ವಿಚಾರಿಸಿದರೆ ಮಾಲೀಕನ ಮಗಳು. ಬೆಂಗಳೂರಿನಿಂದ ಹೆದರಿ ಬಂದವಳು. ಅವಳಿಗಾಗಿಯೇ ಅವನು ಮನೆ ಬಿಡಿಸಲು ಹೊರಟಿದ್ದನಂತೆ. ಅವನ ಎರಡನೆಯ ಹೆಂಡತಿ ಮೊದಲನೆಯವಳ ಈ ಮಗಳನ್ನು ತನ್ನ ಮನೆಯಲ್ಲಿ ಇರಗೊಡಲಿಲ್ಲವಂತೆ. ಈ ಸಂಗತಿಯನ್ನು ಅವನು ತನಿಖೆಯ ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ನನಗೆ ಸಿಟ್ಟು ಬಂತು. ನೇಕಾರರ ಹೆಂಗಸನ್ನು ಕರೆದು, "ಇಷ್ಟೆಲ್ಲ ಮಾಡಿ ಉಳಿಸಿದ ಮನೇನ ನೀವೇ ಬಿಟ್ಟುಕೊಟ್ರಾ?" ಎಂದೆ.

"ಮನೆ ಎಲ್ಲಿ ಬಿಟ್ಟೆ ಸ್ವಾಮಿ? ಮುಂದ್ಗಡೆ ರೂಮು ಕೊಟ್ಟೆ. ಆವಮ್ಮನೇ ಬಂದು ಕೇಳ್ತು. ಹೊಟ್ಟೇಲಿರೋ ಕೂಸಿಗೂ ನಮ್ಗೂ ಏನ್ ಜಗಳ?"

"ಕಾಗದ ಮಾಡ್ಕೊಂಡ್ರಾ?"

ಅವಳು ನಕ್ಕಳು. "ನೀವು ಬರೆಯೋರು, ನಿಮ್ಗೆ ಕಾಗದ ಬೇಕು."

ಆ ಹುಡುಗಿಯ ಹೆರಿಗೆ ಅದೇ ರೂಮಿನಲ್ಲಾಯಿತು, ಮಗ್ಗದ ಸದ್ದಿನ ಮಗ್ಗುಲಲ್ಲೇ. ಬಾಂಬಿನ ಭಯ ತಗ್ಗಿದ ಮೇಲೆ ಅವಳ ಗಂಡ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋದ. ರೂಮು ಮತ್ತೆ ನೇಕಾರರ ಕೈಗೆ ಬಂತು. ಮಾಲೀಕ ಅವರನ್ನು ಮತ್ತೆಂದೂ ಏಳಿ ಎನ್ನಲಿಲ್ಲ. ಮಾತನ್ನೂ ಹೆಚ್ಚು ಆಡಲಿಲ್ಲ. ಅವನಿಂದ ನನಗೆ ಮಾತ್ರ ಒಂದು ನಮಸ್ಕಾರವೂ ಸಿಗಲಿಲ್ಲ.

ಭಾನುವಾರದ ಕೆಲಸ ಹೆಡ್‌ಮಾಸ್ತರರು ತೀರಿಕೊಳ್ಳುವವರೆಗೂ ನಡೆಯಿತು. ಯಾರೇ ಬಂದರೂ, ಮನೆ ಬಿಡಬೇಡಿ ಎಂದು ಹೇಳುವ ಮೊದಲು ನಾನು ಒಮ್ಮೆ ಹೋಗಿ ಆ ಮನೆಯನ್ನು ನೋಡಿ ಬರುತ್ತಿದ್ದೆ. ಮಳೆಗೆ ನೆನೆದ ಹಾಸಿನ ವಿಷಯವನ್ನು ಅವಳ ಹತ್ತಿರ ಎತ್ತಬೇಕೆಂದು ಒಂದೆರಡು ಸಲ ಹೊರಟದ್ದುಂಟು. ಎದುರಿಗೆ ಸಿಕ್ಕಾಗ ಬೇರೆ ಏನೋ ಮಾತಾಡಿ ಬಂದೆ.